ಲೇಕ್ ವ್ಯೂ ರಸ್ತೆಯ ಆಯುಷ್ಯ ಕೋಷ್ಟಕ

ಮುಂದೆಂದೋ ಕೊಡಬೇಕಾದ ಹಣಕ್ಕೆ ಇವತ್ತು ಎಷ್ಟು ಎತ್ತಿಡಬೇಕು ಎಂದು ಲೆಕ್ಕ ಹಾಕುವ ವಿದ್ಯೆಗೆ ಆಕ್ಚುಯರಿಯಲ್ ಸೈನ್ಸ್ ಎಂದು ಹೆಸರು. ಹಣ ಕೊಡುವ ಪ್ರಸಂಗ ಸಾವಿನಿಂದ ಬರಬಹುದು, ಕಾಯಿಲೆಯಿಂದ ಬರಬಹುದು, ಬೆಂಕಿ ನೀರುಗಳಿಂದ ಬರಬಹುದು. ಪಿಂಚಣಿಯ ವಿಷಯದಲ್ಲಾದರೆ ಮನುಷ್ಯ ಸಾಯದೆ ಉಳಿದದ್ದರಿಂದಲೇ ಬರುತ್ತದೆ. ಈ ಲೆಕ್ಕ ಹಾಕುವವರು ಆಕ್ಚುಯರಿ, ಕನ್ನಡದಲ್ಲಿ ವಿಮಾಗಣಕ. ವಿದ್ಯೆಗೆ ಮೂರು ಶತಮಾನ ದಾಟಿದೆ. ಧೂಮಕೇತುವಿಗೆ ತನ್ನ ಹೆಸರು ಬಿಟ್ಟುಹೋದ ಎಡ್ಮಂಡ್ ಹ್ಯಾಲಿಯೇ 1693ರಲ್ಲಿ ಬ್ರೆಸ್ಲಾವ್ ಪಟ್ಟಣದ ಜನನ ಮರಣಗಳ ದಾಖಲೆ ಹಿಡಿದು ಆಯುಷ್ಯದ ಪಟ್ಟಿಯೊಂದನ್ನು ಮಾಡಿದ. 1762ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇಕ್ವಿಟಬಲ್ ಸೊಸೈಟಿ ತನ್ನ ಮುಖ್ಯ ಅಧಿಕಾರಿಯನ್ನು ಆಕ್ಚುಯರಿ ಎಂದು ಕರೆಯಿತು. ಮದ್ರಾಸು ಪ್ರಾಂತ್ಯದಲ್ಲಿ ಜೀವವಿಮೆಯ ವ್ಯವಹಾರ 1829ರಲ್ಲೇ ಮದ್ರಾಸ್ ಇಕ್ವಿಟಬಲ್ ಎಂಬ ಸಂಸ್ಥೆಯಿಂದ ಶುರುವಾಗಿತ್ತು. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗೆ ಜೀವವಿಮೆ ತಂದಿತು. ಕರ್ನಾಟಕದ ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲಿ ಇಂದಿಗೂ ಕಾಣುವ ಕೆಜಿಐಡಿ ಕಡಿತದ ಮೂಲ ಅಲ್ಲಿದೆ.

ಭಾರತದಲ್ಲಿ ಈ ವೃತ್ತಿಯವರ ಸಂಘ 1944ರಲ್ಲಿ ಸ್ಥಾಪನೆಯಾಯಿತು. ಆದರೂ ಬಹಳ ಕಾಲ ಆಕ್ಚುಯರಿ ಎನಿಸಿಕೊಳ್ಳಲು ಲಂಡನ್ನಿನ ಅಥವಾ ಎಡಿನ್‌ಬರೋದ ಪರೀಕ್ಷೆಗಳನ್ನೇ ಪಾಸು ಮಾಡಬೇಕಿತ್ತು. ಭಾರತದ ಸಂಘ ತನ್ನದೇ ಪರೀಕ್ಷೆಗಳನ್ನು ಶುರುಮಾಡಿದ್ದು 1989ರಲ್ಲಿ. 2006ರ ಕಾಯ್ದೆಯ ಮೂಲಕ ಸಂಘ ಹೋಗಿ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಬಂತು, ಆಗ ಅದರ ಕೇಂದ್ರ ಕಚೇರಿ ಮುಂಬೈ. ಅಷ್ಟು ಹೊತ್ತಿಗೆ ಖಾಸಗಿ ವಿಮಾ ಕಂಪನಿಗಳು ಬಂದು ಐದಾರು ವರ್ಷವಾಗಿತ್ತು, ಲೆಕ್ಕ ಬಲ್ಲವರ ಅಗತ್ಯ ಹೆಚ್ಚಿತ್ತು. ಗಣಿತ ಓದಿದ ಹುಡುಗ ಹುಡುಗಿಯರು ಈ ಕಡೆ ತಿರುಗಿದ್ದು ಆಗಲೇ. ಇಲ್ಲಿ ನೆನೆಯುತ್ತಿರುವುದು 2000ರ ದಶಕದ ಕೊನೆಯಲ್ಲಿ ವೆಸ್ಟ್ ಮಾಂಬಲಂನ ಒಂದು ಕನ್ನಡ ಮನೆಯಿಂದ ನಡೆದ ಓದನ್ನು.

ವೆಸ್ಟ್ ಮಾಂಬಲಂ ಎಂದರೆ ಮಾಂಬಲಂ ರೈಲು ನಿಲ್ದಾಣದ ಪಡುವಣ ಮಗ್ಗುಲು. ಮೂಡಣ ಮಗ್ಗುಲಿನಲ್ಲಿ ರಂಗನಾಥನ್ ಬೀದಿ, ಅದರಾಚೆ ತ್ಯಾಗರಾಯನಗರದ ಚಿನ್ನ ರೇಷ್ಮೆಗಳ ಅಂಗಡಿಗಳು. ಈಚೆಗೆ ಸಣ್ಣ ರಸ್ತೆಗಳು, ಒತ್ತೊತ್ತಾದ ಫ್ಲ್ಯಾಟುಗಳು, ಸಂಬಳ ಪಿಂಚಣಿಗಳ ಮೇಲೆ ನಡೆಯುವ ಸಂಸಾರಗಳು. ಆರ್ಯ ಗೌಡ ರಸ್ತೆಯ ಅಯೋಧ್ಯಾ ಮಂಟಪದಲ್ಲಿ ಸಂಜೆ ಪ್ರವಚನ ನಡೆಯುತ್ತದೆ. ಇಲ್ಲಿ ನೆಲೆಸಿದ ಮಾಧ್ವ ಮನೆಗಳಲ್ಲಿ ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು. ಮಕ್ಕಳು ಸಿ.ಎ. ಮಾಡುವುದು ಇಲ್ಲಿ ಎಲ್ಲರಿಗೂ ಅರ್ಥವಾಗುವ ಸಂಗತಿ. ಆಕ್ಚುಯರಿ ಎಂದರೆ ಮಾತ್ರ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಿದ್ದರು. "ಇನ್ಶೂರೆನ್ಸ್ ಏಜೆಂಟ್ ಆಗೋದಕ್ಕೆ ಇಷ್ಟೊಂದು ಓದಬೇಕಾ?" ಎಂಬ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ವಿದ್ಯಾರ್ಥಿಗೇ ತನ್ನ ವಿಷಯ ಸ್ಪಷ್ಟವಾಗುತ್ತ ಹೋಯಿತು.

ಓದು ನಡೆದದ್ದು ಎರಡು ಕಡೆ. ಒಂದು, ಚೆಪಾಕಿನ ಮದ್ರಾಸು ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿ. ಮಾಂಬಲಂನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಕೋಡಂಬಾಕಂ, ನುಂಗಂಬಾಕಂ, ಎಗ್ಮೋರ್ ದಾಟಿ ಫೋರ್ಟ್ ನಿಲ್ದಾಣ. ಅಲ್ಲಿ ಇಳಿದು ಎತ್ತರದ ಕಂಬಗಳ ಮೇಲೆ ಓಡುವ ಇನ್ನೊಂದು ರೈಲು ಹತ್ತಿದರೆ ಚೆಪಾಕ್. ಇನ್ನೊಂದು, ಇನ್‌ಸ್ಟಿಟ್ಯೂಟಿನ ಪರೀಕ್ಷೆಗಳು. ಪದವಿ ಕೈಗೆ ಬಂದಮಾತ್ರಕ್ಕೆ ಯಾರೂ ಆಕ್ಚುಯರಿ ಆಗುವುದಿಲ್ಲ. ಆಗಿನ ವ್ಯವಸ್ಥೆಯಲ್ಲಿ ಸಿಟಿ 1ರಿಂದ ಸಿಟಿ 9, ಸಿಎ 1ರಿಂದ 3, ಆಮೇಲೆ ಎರಡು ಎಸ್‌ಟಿ, ಒಂದು ಎಸ್‌ಎ, ಒಟ್ಟು ಹದಿನೈದು ಪೇಪರ್ ದಾಟಿದವರಿಗೆ ಫೆಲೊ ಎಂಬ ಸ್ಥಾನ. ವಿಶ್ವವಿದ್ಯಾಲಯದ ಪಾಠ ಇವುಗಳಿಗೆ ನೆಲ ಹದಮಾಡಿಕೊಡುತ್ತಿತ್ತು, ಅಷ್ಟೆ. ಈ ಓದಿಗೆ ಬಿದ್ದವರು ಒಬ್ಬರನ್ನೊಬ್ಬರು ಕಂಡಾಗ ಕೇಳುತ್ತಿದ್ದುದು "ಎಷ್ಟು ಪೇಪರ್ ಆಯ್ತು?" ಎಂದೇ.

ಮೊದಲ ಪಾಠ ಬಡ್ಡಿ. ಚಕ್ರಬಡ್ಡಿ ಹೈಸ್ಕೂಲಿನಲ್ಲೇ ಗೊತ್ತಿರುವ ಸಂಗತಿ; ಇಲ್ಲಿ ಅದನ್ನು ಹಿಂದುಮುಂದಾಗಿ ಓದುವುದನ್ನು ಕಲಿಸುತ್ತಾರೆ. ಇಪ್ಪತ್ತು ವರ್ಷದ ಮೇಲೆ ಕೊಡಬೇಕಾದ 1 ಲಕ್ಷ ರೂಪಾಯಿಗೆ ಇಂದು ಎಷ್ಟು ಬೇಕು? ಶೇ. 12ರ ಬಡ್ಡಿಯಾದರೆ 10,367 ರೂಪಾಯಿ ಸಾಕು. ಶೇ. 8ಕ್ಕೆ ಇಳಿದರೆ 21,455 ಬೇಕು. ನಾಲ್ಕೇ ಅಂಶ ಇಳಿದದ್ದಕ್ಕೆ ಬೇಕಾಗುವ ಹಣ ಎರಡು ಪಟ್ಟಿಗಿಂತ ಹೆಚ್ಚಾಯಿತು. ತರಗತಿಯಲ್ಲಿ ಇದು ಸೂತ್ರದೊಳಗಿನ ಒಂದು ಅಕ್ಷರ. ವೆಸ್ಟ್ ಮಾಂಬಲಂನ ಮನೆಯಲ್ಲಿ ಅದು ಅಪ್ಪನ ಪಿಪಿಎಫ್ ಪಾಸ್‌ಬುಕ್ಕಿನಲ್ಲೇ ಇತ್ತು. 1986ರಿಂದ ಶೇ. 12ರಲ್ಲಿ ನಿಂತಿದ್ದ ದರ 2000ದ ಜನವರಿಯಲ್ಲಿ 11 ಆಯಿತು, 2001ರಲ್ಲಿ 9.5, 2002ರಲ್ಲಿ 9, 2003ರಲ್ಲಿ 8. ವರ್ಷದ ಮೊದಲಲ್ಲಿ ಸಾವಿರ ರೂಪಾಯಿಯಂತೆ ಹದಿನೈದು ವರ್ಷ ಕಟ್ಟಿದರೆ ಹಳೆಯ ದರದಲ್ಲಿ 41,753 ರೂಪಾಯಿ ಕೈಗೆ ಬರಬೇಕು; ಹೊಸ ದರದಲ್ಲಿ 29,324. ಅಪ್ಪ ಮಗಳ ಮದುವೆಗೆಂದು ಹಾಕಿಕೊಂಡಿದ್ದ ಅಂದಾಜು ಹಳೆಯ ದರದ್ದು. ಬಡ್ಡಿ ಇಳಿದಾಗ ಕೂಡಿಡುವವನಿಗೆ ಬರುವುದು ಕಡಿಮೆ, ಕೊಡುತ್ತೇನೆಂದು ಮಾತು ಕೊಟ್ಟವನಿಗೆ ಹೊರೆ ಹೆಚ್ಚು. ಈ ಎರಡನ್ನೂ ಒಂದೇ ಸೂತ್ರ ಹೇಳುತ್ತದೆ ಎಂಬುದು ಪಾಸ್‌ಬುಕ್ ಮುಂದಿಟ್ಟುಕೊಂಡು ಕೂತ ರಾತ್ರಿ ಮನಸ್ಸಿಗೆ ಇಳಿದಷ್ಟು ಯಾವ ಪುಸ್ತಕದಿಂದಲೂ ಇಳಿಯಲಿಲ್ಲ.

ಚೀಟಿಯ ಲೆಕ್ಕವೂ ಹಾಗೆಯೇ. ತಿಂಗಳಿಗೆ ಐದು ಸಾವಿರದಂತೆ ಇಪ್ಪತ್ತು ಜನ, ಇಪ್ಪತ್ತು ತಿಂಗಳು. ಪ್ರತಿ ತಿಂಗಳ ಮೊತ್ತ 1 ಲಕ್ಷ. ಅವಸರವಿದ್ದವರು ಹರಾಜಿನಲ್ಲಿ ಕೂಗಿ 25,000 ಬಿಟ್ಟುಕೊಟ್ಟು 75,000 ಎತ್ತಿಕೊಳ್ಳುತ್ತಾರೆ. 1982ರ ಚಿಟ್ ಫಂಡ್ ಕಾಯ್ದೆಯಂತೆ ಆಗ ಚೀಟಿ ನಡೆಸುವವರ ಕಮಿಷನ್ ಹೆಚ್ಚೆಂದರೆ ಶೇ. 5, ಅಂದರೆ 5,000. ಉಳಿದ 20,000 ಇಪ್ಪತ್ತು ಜನಕ್ಕೆ ತಲಾ ಸಾವಿರದಂತೆ ಹಂಚಿಕೆಯಾಗುತ್ತದೆ. ಇದರಲ್ಲಿ ಮೊದಲು ಎತ್ತಿದವರು ಕೊಟ್ಟ ಬಡ್ಡಿ ಎಷ್ಟು, ಕೊನೆಗೆ ಎತ್ತಿದವರಿಗೆ ದಕ್ಕಿದ ಬಡ್ಡಿ ಎಷ್ಟು ಎಂದು ಬಿಡಿಸುವುದು ಸಿಟಿ 1ರ ಒಳ್ಳೆಯ ಅಭ್ಯಾಸ. ಮೇಲಿನ ಮಹಡಿಯ ಮಾಮಿ ತಮ್ಮ ಚೀಟಿ ಪುಸ್ತಕ ತಂದುಕೊಟ್ಟದ್ದರಿಂದ ಈ ಅಧ್ಯಾಯ ಬೇಗ ಕೈವಶವಾಯಿತು. ಇಂಗ್ಲೆಂಡಿನ ಪಠ್ಯಗಳಲ್ಲಿ ಚೀಟಿ ಇಲ್ಲ. ಇರಬೇಕಿತ್ತು, ಬಡ್ಡಿಯ ದರ ಜನರ ಅವಸರದಿಂದ ಹುಟ್ಟುತ್ತದೆ ಎಂಬುದು ಅದರಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ.

ಎರಡನೆಯ ಪಾಠ ಆಯುಷ್ಯ. ಪರೀಕ್ಷೆಗೆ ಕೊಡುವ ಸೂತ್ರ ಕೋಷ್ಟಕಗಳ ಪುಸ್ತಕದಲ್ಲಿ ಎಎಂ 92 ಎಂಬ ಪಟ್ಟಿ ಇದೆ. ಹದಿನೇಳನೆಯ ವಯಸ್ಸಿನಲ್ಲಿ 10,000 ಜನ ಹೊರಟರು ಎಂದು ಅದು ಶುರುವಾಗುತ್ತದೆ. ಅರವತ್ತಕ್ಕೆ ಬಂದಾಗ ಉಳಿದವರು 9,287. ಎಪ್ಪತ್ತಕ್ಕೆ 8,054. ಎಂಬತ್ತಕ್ಕೆ 5,266. ಪ್ರತಿ ವರ್ಷಕ್ಕೂ ಎಷ್ಟು ಮಂದಿ ಕಳಚಿಕೊಂಡರು ಎಂಬ ಅಂಕಿ ಸಾಲಾಗಿ ಕೂತಿದೆ. ಈ ಪಟ್ಟಿಗೆ ಬಡ್ಡಿಯನ್ನು ಬೆರೆಸಿದರೆ ವಿಮೆಯ ಕಂತು ಹೊರಡುತ್ತದೆ, ಪಿಂಚಣಿಯ ಬೆಲೆ ಹೊರಡುತ್ತದೆ. ಬರೆಯುವ ಕ್ರಮವೂ ವಿಚಿತ್ರ: ಅಕ್ಷರದ ಬಲಕ್ಕೆ ವಯಸ್ಸು, ಎಡಕ್ಕೆ ಅವಧಿ, ತಲೆಯ ಮೇಲೆ ಎರಡು ಚುಕ್ಕೆ, ಪಕ್ಕದಲ್ಲಿ ಒಂದು ಮೂಲೆಗೆರೆ. 1898ರ ಲಂಡನ್ ಸಮ್ಮೇಳನ ಒಪ್ಪಿಕೊಂಡ ಆ ಗುರುತುಗಳು ಇಂದಿಗೂ ನಡೆಯುತ್ತಿವೆ.

ಎಪ್ಪತ್ತು ದಾಟಿದ ಅಜ್ಜಿ ಒಂದು ಮಧ್ಯಾಹ್ನ ಈ ಪುಸ್ತಕ ತಿರುವಿ ನೋಡಿ ಕೇಳಿದರು: "ಹಾಗಾದ್ರೆ ನಾನು ಯಾವಾಗ ಹೋಗ್ತೀನಿ ಅಂತ ಇದರಲ್ಲಿ ಇದೆಯೇನೋ?" ಎಪ್ಪತ್ತರ ಸಾಲಿನಲ್ಲಿರುವ ನೂರು ಜನರಲ್ಲಿ ಅರವತ್ತೈದು ಜನ ಎಂಬತ್ತು ಮುಟ್ಟುತ್ತಾರೆ ಎಂದು ಮೊಮ್ಮಗ ಹೇಳಿದ. ಹೇಳಿದ ಮೇಲೆ ಆ ಉತ್ತರ ಎಷ್ಟು ತಪ್ಪು ಎಂಬುದು ಹೊಳೆಯಿತು. ಆ ಪಟ್ಟಿ ಬ್ರಿಟನ್ನಿನವರದ್ದು, ಗಂಡಸರದ್ದು, ಅದರಲ್ಲೂ ವಿಮೆ ಮಾಡಿಸಿಕೊಂಡವರದ್ದು. ವೆಸ್ಟ್ ಮಾಂಬಲಂನಲ್ಲಿ ಯಾವ ವಿಮೆಯೂ ಇಲ್ಲದೆ ಬದುಕಿದ್ದ ಹೆಂಗಸಿಗೆ ಅದು ಮೂರು ರೀತಿಯಲ್ಲೂ ಸಲ್ಲುವುದಿಲ್ಲ. ಭಾರತಕ್ಕೂ ಬೇರೆ ಪಟ್ಟಿಗಳಿವೆ. ಓರಿಯೆಂಟಲ್ ಕಂಪನಿಯ 1925-35ರ ಅನುಭವದಿಂದ ಮಾಡಿದ ಪಟ್ಟಿಯನ್ನು ಜೀವವಿಮಾ ನಿಗಮವೂ ಬಳಸಿತು; ಆಮೇಲೆ ನಿಗಮದ್ದೇ ಪಟ್ಟಿಗಳು ಬಂದವು, ಆ ವರ್ಷಗಳಲ್ಲಿ ಚಾಲ್ತಿಯಲ್ಲಿದ್ದದ್ದು 1994-96ರದ್ದು. ಪಟ್ಟಿಯನ್ನು ಎಷ್ಟು ತಿದ್ದಿದರೂ ಅದು ಹೇಳುವುದು ಗುಂಪಿನ ಮಾತನ್ನು. ಹತ್ತು ಸಾವಿರ ಮಂದಿಯಲ್ಲಿ ಎಷ್ಟು ಜನ ಎಂಬುದಕ್ಕೆ ಉತ್ತರವಿದೆ, ಯಾರು ಎಂಬುದಕ್ಕಿಲ್ಲ. ಅಜ್ಜಿಗೆ ಇದನ್ನು ಬಿಡಿಸಿ ಹೇಳಿದಾಗ, "ಅದು ದೇವರಿಗೆ ಬಿಟ್ಟದ್ದು ಅಂತ ಮೊದಲೇ ಹೇಳಬಾರದಿತ್ತಾ" ಎಂದು ಪುಸ್ತಕ ಮಡಿಸಿಟ್ಟರು.

ಈ ಅಧ್ಯಾಯವನ್ನು ಓದಲು ವೆಸ್ಟ್ ಮಾಂಬಲಂಗಿಂತ ತಕ್ಕ ಜಾಗ ಇರಲಾರದು. ಅಪರಕ್ರಿಯೆಗಳಿಗೆಂದೇ ಮೀಸಲಾದ ಜ್ಞಾನವಾಪಿ ಇರುವುದು ಇದೇ ಬಡಾವಣೆಯಲ್ಲಿ. ಫ್ಲ್ಯಾಟಿನ ಮನೆಗಳಲ್ಲಿ ಹತ್ತು ದಿನದ ಕರ್ಮ ಮಾಡಲು ಅನುಕೂಲವಿಲ್ಲದವರು ಅಲ್ಲಿಗೆ ಬರುತ್ತಾರೆ. ಬೆಳಿಗ್ಗೆ ರೈಲು ಹಿಡಿಯಲು ಹೊರಟ ವಿದ್ಯಾರ್ಥಿಗೆ ಎದುರಾಗುತ್ತಿದ್ದವರು ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತ ಗಂಡುಮಕ್ಕಳು. ಚೀಲದಲ್ಲಿ ಎಎಂ 92. ಅಂಕಿಯ ಸಾಲಿನಲ್ಲಿ ಒಂದು ವಯಸ್ಸಿನಿಂದ ಮುಂದಿನದಕ್ಕೆ ಹೋಗುವಾಗ ಕಳೆಯುವ ಪ್ರತಿಯೊಂದು ಒಂದಕ್ಕೂ ಇಂಥ ಹತ್ತು ಬೆಳಗುಗಳು ಇರುತ್ತವೆ ಎಂಬುದನ್ನು ಅವರು ಮರೆಯಗೊಡಲಿಲ್ಲ. ಲೆಕ್ಕ ಕಲಿಯುವವರಿಗೆ ಇದು ಬೇಕು.

ಮೂರನೆಯ ಪಾಠದಲ್ಲಿ ಈ ಪದವಿಯ ಎರಡು ಅರ್ಧಗಳು ಒಂದಕ್ಕೊಂದು ಎದುರುಬದುರಾದವು. ಕೋರ್ಸಿನಲ್ಲಿ ಗಣಿತದ ಜೊತೆ ವ್ಯವಹಾರದ ಪೇಪರುಗಳೂ ಇದ್ದವು: ಕಂಪನಿ ಲೆಕ್ಕಪತ್ರ, ಹಣಕಾಸು, ಅರ್ಥಶಾಸ್ತ್ರ. ವ್ಯವಹಾರದ ತರಗತಿಯಲ್ಲಿ ವಿಮಾ ಕಂಪನಿಗೆ ಬಂದ ಕಂತು ಆದಾಯ. ಆಕ್ಚುಯರಿಯ ತರಗತಿಯಲ್ಲಿ ಅದೇ ಕಂತು ಸಾಲ. ಇದನ್ನು ಅರ್ಥ ಮಾಡಿಕೊಳ್ಳುವುದರಲ್ಲೇ ಈ ವಿದ್ಯೆಯ ತಿರುಳಿದೆ, ಸ್ವಲ್ಪ ನಿಲ್ಲಬೇಕು.

ಮನುಷ್ಯನ ಸಾವಿನ ಸಂಭವ ವಯಸ್ಸಿನೊಂದಿಗೆ ಏರುತ್ತದೆ. ನ್ಯಾಯವಾಗಿ ಕಂತೂ ವರ್ಷವರ್ಷ ಏರಬೇಕು. ಹಾಗೆ ಮಾಡಿದರೆ ಮುಪ್ಪಿನಲ್ಲಿ ಸಂಪಾದನೆ ಇಳಿದಾಗಲೇ ಕಂತು ಹೆಚ್ಚಾಗಿ ಜನ ಪಾಲಿಸಿ ಬಿಟ್ಟುಬಿಡುತ್ತಾರೆ. ಅದಕ್ಕೆ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾದ ಕಂತು ಗೊತ್ತುಮಾಡುತ್ತಾರೆ; ಎಳೆಯ ವಯಸ್ಸಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಕಟ್ಟಿದ್ದು ಮುಪ್ಪಿನ ಕೊರತೆಯನ್ನು ತುಂಬುತ್ತದೆ. ಆ ಹೆಚ್ಚಿನ ಹಣ ವರ್ಷಗಟ್ಟಲೆ ಕಂಪನಿಯ ಪೆಟ್ಟಿಗೆಯಲ್ಲಿ ಇರುತ್ತದೆ. ನೋಡಿದವರಿಗೆ ಲಾಭದಂತೆ ಕಾಣುತ್ತದೆ. ಅದು ಲಾಭವಲ್ಲ, ಪಾಲಿಸಿ ಮಾಡಿಸಿದವನ ಮುಪ್ಪಿನ ಪಾಲು. ಅದಕ್ಕೆ ಮೀಸಲು ಎಂದು ಹೆಸರಿಟ್ಟು ಬೇರೆ ಎಣಿಸಿ ಇಡಬೇಕು. ವರ್ಷ ವರ್ಷ ಈ ಮೀಸಲು ಎಷ್ಟಿರಬೇಕೆಂದು ಲೆಕ್ಕ ಹಾಕಿ ಸಹಿ ಮಾಡುವುದೇ ಆಕ್ಚುಯರಿಯ ಕೆಲಸ. ಅದರ ಮೇಲೆ ಸಾಲ್ವೆನ್ಸಿ ಎಂಬ ಇನ್ನೊಂದು ಕಟ್ಟುಪಾಡು: ಲೆಕ್ಕಕ್ಕೆ ಮೀರಿದ ಕೆಟ್ಟ ಕಾಲ ಬಂದರೂ ತಡೆಯುವಂತೆ ಕಂಪನಿ ಇನ್ನಷ್ಟು ಬಂಡವಾಳ ಇಟ್ಟುಕೊಂಡಿರಬೇಕು, ಭಾರತದಲ್ಲಿ ಗೊತ್ತುಮಾಡಿದ ಮಟ್ಟದ ಶೇ. 150ರಷ್ಟು. ಹೊಸ ಕಂಪನಿಗೆ ವ್ಯಾಪಾರ ಏರಿದಷ್ಟೂ ಮೊದಲ ವರ್ಷಗಳಲ್ಲಿ ನಷ್ಟ ತೋರುತ್ತದೆ. ಕಮಿಷನ್ ಖರ್ಚು ಒಮ್ಮೆಗೇ ಆಗುತ್ತದೆ, ಮೀಸಲೂ ಎತ್ತಿಡಬೇಕಾಗುತ್ತದೆ. ವ್ಯವಹಾರದ ತರಗತಿಯಿಂದ ಬಂದವರಿಗೆ ಇದು ತಲೆಕೆಳಗಾದ ಲೆಕ್ಕ.

ಆ ವರ್ಷಗಳಲ್ಲಿ ಹೊರಗಿನ ಲೋಕವೂ ಪಾಠ ಹೇಳುತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಐಜಿ ಎಂಬ ದೊಡ್ಡ ವಿಮಾ ಕಂಪನಿಯನ್ನು ಉಳಿಸಲು ಅಲ್ಲಿನ ಕೇಂದ್ರ ಬ್ಯಾಂಕು 8,500 ಕೋಟಿ ಡಾಲರ್ ಸಾಲ ಕೊಡಬೇಕಾಯಿತು. ಹತ್ತಿರದ ಪಾಠ ಯುಲಿಪ್, ಹೂಡಿಕೆ ಬೆರೆಸಿದ ವಿಮೆ. ವೆಸ್ಟ್ ಮಾಂಬಲಂನ ಮನೆಮನೆಗೂ ಏಜೆಂಟರು ಬರುತ್ತಿದ್ದರು. ಮೂರು ವರ್ಷ ಕಟ್ಟಿದರೆ ಸಾಕು, ಆಮೇಲೆ ತಾನೇ ಬೆಳೆಯುತ್ತದೆ ಎನ್ನುತ್ತಿದ್ದರು. ಅವರು ತೋರಿಸುತ್ತಿದ್ದ ಮುದ್ರಿತ ಹಾಳೆಯಲ್ಲಿ ಶೇ. 6 ಮತ್ತು ಶೇ. 10ರ ಎರಡು ಸಾಲುಗಳಿರುತ್ತಿದ್ದವು. ಬೆರಳು ಇಡುತ್ತಿದ್ದುದು ಹತ್ತರ ಸಾಲಿನ ಮೇಲೆ. ಮೊದಲ ಕಂತಿನಿಂದ ಮುರಿದುಕೊಳ್ಳುವ ಶುಲ್ಕ ಇನ್ನೊಂದು ಪುಟದಲ್ಲಿ. ನಿವೃತ್ತರಾದ ನೆರೆಯವರೊಬ್ಬರು ಕೈಗೆ ಬಂದ ಗ್ರ್ಯಾಚುಟಿಯ ದೊಡ್ಡ ಪಾಲನ್ನು ಹಾಗೆ ಹಾಕಿ ಬಂದಿದ್ದರು. ವಿದ್ಯಾರ್ಥಿ ಅವರಿಗಾಗಿ ಶುಲ್ಕಗಳನ್ನೆಲ್ಲ ಬಿಡಿಸಿ ಒಂದು ಹಾಳೆಯಲ್ಲಿ ಬರೆದು ಕೊಟ್ಟದ್ದೇ ಪದವಿಯ ಮೊದಲ ನಿಜವಾದ ಉಪಯೋಗ. ಅವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, "ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ" ಎಂದಷ್ಟೇ ಅಂದರು. 2010ರ ಸೆಪ್ಟೆಂಬರ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಆ ಶುಲ್ಕಗಳಿಗೆ ಮಿತಿ ಹಾಕಿತು, ಹಣ ಹಿಡಿದಿಡುವ ಅವಧಿ ಮೂರರಿಂದ ಐದು ವರ್ಷವಾಯಿತು. ನೆರೆಯವರ ಹಣಕ್ಕೆ ಅದು ತಡವಾಗಿತ್ತು.

ಸಾಮಾನ್ಯ ವಿಮೆಯ ಭಾಗ ತರಗತಿಯಲ್ಲಿ ಬೇಗ ಮುಗಿಯಿತು, ನಿಜವಾದ ಅರ್ಥ ಬಂದದ್ದು ಮಾತ್ರ ತಡವಾಗಿ. ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂಬ ಮಾತು ಅಲ್ಲಿ ಬರುತ್ತದೆ. ನೂರು ವರ್ಷ ಕಾಯಬಹುದು ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವವಿದೆ ಎಂದು. ಮೂವತ್ತು ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅದು ಒಮ್ಮೆಯಾದರೂ ಬರುವ ಸಂಭವ ಶೇ. 26. ವೆಸ್ಟ್ ಮಾಂಬಲಂನಲ್ಲಿ ಲೇಕ್ ವ್ಯೂ ರಸ್ತೆ ಎಂದೊಂದು ರಸ್ತೆ ಇದೆ, ಕೆರೆ ಇಲ್ಲ. ನುಂಗಂಬಾಕಂನಿಂದ ಮೈಲಾಪುರದ ಕಡೆಗೆ ಚಾಚಿಕೊಂಡಿದ್ದ ಉದ್ದನೆಯ ಕೆರೆಯನ್ನು 1920ರ ದಶಕದಲ್ಲಿ ಬರಿದು ಮಾಡಿ ತ್ಯಾಗರಾಯನಗರ ಕಟ್ಟಿದರು. ರಸ್ತೆ ತನ್ನ ಹೆಸರಿನಲ್ಲಿ ಮಾತ್ರ ಕೆರೆಯನ್ನು ಉಳಿಸಿಕೊಂಡಿತು. 2015ರ ಡಿಸೆಂಬರ್ 1ರ ಮಳೆಯಲ್ಲಿ, ಓದು ಮುಗಿದು ಕೆಲವು ವರ್ಷಗಳಾದ ಮೇಲೆ, ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂತು. ನೆಲಮಹಡಿಯ ಬೀರುವಿನ ಕೆಳಗಿನ ಅರೆಯಲ್ಲಿದ್ದ ಸಿಟಿ ಪುಸ್ತಕಗಳು ನೆನೆದು ಉಬ್ಬಿದವು. ಮನೆಯ ಸಾಮಾನಿಗೆ ವಿಮೆ ಇರಲಿಲ್ಲ. ಆ ಸಾಲಿನ ಮನೆಗಳಲ್ಲಿ ಹೆಚ್ಚಿನವಕ್ಕೆ ಇರಲಿಲ್ಲ.

ಇನ್‌ಸ್ಟಿಟ್ಯೂಟಿನ ಪರೀಕ್ಷೆಗಳು ವರ್ಷಕ್ಕೆ ಎರಡು ಬಾರಿ. ಮೂರು ಗಂಟೆ, ಉತ್ತರ ಪತ್ರಿಕೆ, ಕ್ಯಾಸಿಯೊ ಎಫ್‌ಎಕ್ಸ್ 82 ಕ್ಯಾಲ್ಕುಲೇಟರ್, ಕೋಷ್ಟಕದ ಪುಸ್ತಕ. ಸಂಖ್ಯಾಶಾಸ್ತ್ರ ಓದಿದವರಿಗೆ ಸಿಟಿ 3 ಸುಲಭ, ಬಿ.ಕಾಂ. ಓದಿದವರಿಗೆ ಸಿಟಿ 2. ಆಯುಷ್ಯದ ಲೆಕ್ಕದ ಸಿಟಿ 5 ಎಲ್ಲರಿಗೂ ಬೆಟ್ಟ. ಈ ಓದಿನಲ್ಲಿ ಫೇಲಾಗುವುದು ನಾಚಿಕೆಯ ವಿಷಯವಲ್ಲ, ದಾರಿಯ ಒಂದು ಭಾಗ. ವಿಶ್ವವಿದ್ಯಾಲಯದಲ್ಲಿ ಮೊದಲ ದರ್ಜೆ ತೆಗೆದ ವಿದ್ಯಾರ್ಥಿ ಸಿಟಿ 5ರಲ್ಲಿ ಎರಡು ಸಲ ಸೋತು ಮೂರನೆಯ ಸಲ ದಾಟಿದ. ಸಿ.ಎ. ಫಲಿತಾಂಶಕ್ಕೆ ಇಡೀ ಬೀದಿ ಕಾಯುತ್ತಿತ್ತು. ಇದರ ಫಲಿತಾಂಶ ಬಂದಾಗ ಗೊತ್ತಾಗುತ್ತಿದ್ದುದು ಮನೆಯವರಿಗೆ ಮಾತ್ರ. ಮೂರನೆಯ ಸಲದ ಸಂಜೆ ಅಮ್ಮ ಗಸಗಸೆ ಪಾಯಸ ಮಾಡಿದರು.

ವ್ಯವಸ್ಥೆ ಆಮೇಲೆ ಬದಲಾಯಿತು. 2012ರಲ್ಲಿ ಪ್ರವೇಶ ಪರೀಕ್ಷೆ ಬಂತು. 2019ರಿಂದ ಸಿಟಿ ಪೇಪರುಗಳು ಹೋಗಿ ಸಿಎಸ್, ಸಿಎಂ, ಸಿಬಿ ಎಂಬ ಹೊಸ ಸರಣಿ; ಕೆಲವು ಪೇಪರುಗಳಲ್ಲಿ ಆರ್ ಎಂಬ ಭಾಷೆಯಲ್ಲಿ ಕಂಪ್ಯೂಟರಿನ ಮೇಲೇ ಲೆಕ್ಕ ಮಾಡಿ ತೋರಿಸಬೇಕು. ಬೆರಳಿನಿಂದ ಕೋಷ್ಟಕದ ಸಾಲು ಹಿಡಿದು ಓದುವ ಅಭ್ಯಾಸ ಕಡಿಮೆಯಾಯಿತು. ಅದು ನಷ್ಟವೇ. ಒಂದೊಂದು ಸಾಲಿನ ಮೇಲೂ ಒಂದು ಕ್ಷಣ ಬೆರಳು ನಿಲ್ಲುತ್ತಿತ್ತು.

ಕೆಲಸ ಸಿಕ್ಕವರು ಮುಂಬೈ, ಗುರುಗ್ರಾಮ, ಬೆಂಗಳೂರುಗಳಿಗೆ ಹೋದರು, ಕೆಲವರು ಚೆನ್ನೈಯಲ್ಲೇ ಉಳಿದರು. ತರಬೇತಿಗೆ ಸೇರಿದವರಿಗೆ ಮೊದಲು ಕೊಡುವುದು ಸೂತ್ರವನ್ನಲ್ಲ, ದತ್ತಾಂಶವನ್ನು: ಲಕ್ಷಗಟ್ಟಲೆ ಪಾಲಿಸಿಗಳ ಪಟ್ಟಿಯಲ್ಲಿ ತಪ್ಪು ಹುಡುಕಬೇಕು. ಹುಟ್ಟಿದ ದಿನ ಜೂನ್ 1 ಎಂದಿರುವವರು ಲೆಕ್ಕಕ್ಕೆ ಮೀರಿ ಇರುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ಕೆಲವು ಹಳೆಯ ಕಾಗದದ ಕಡತಗಳನ್ನು ತೆಗೆದು ಕಂಪ್ಯೂಟರಿನ ಅಂಕಿಯೊಂದಿಗೆ ತಾಳೆ ನೋಡಬೇಕಾಗುತ್ತದೆ. ವಯಸ್ಸಿನ ದಾಖಲೆಯಾಗಿ ಜಾತಕವನ್ನೂ ಒಪ್ಪುತ್ತಿದ್ದ ಕಾಲದ ಕಡತಗಳವು. ಒಂದರಲ್ಲಿ ಅರಿಸಿನ ಹಚ್ಚಿದ ಹಾಳೆಯ ನಕಲು, ಈಶ್ವರ ಸಂವತ್ಸರ, ಶ್ರಾವಣ ಮಾಸ, ಕಂಪ್ಯೂಟರಿನಲ್ಲಿ 1947. ವಿಭಾಗದಲ್ಲಿ ಯಾರಿಗೂ ಅದನ್ನು ಓದಲು ಬರಲಿಲ್ಲ. ಈಶ್ವರ ಸಂವತ್ಸರದ ಶ್ರಾವಣ ಎಂದರೆ 1937 ಎಂಬುದು ವೆಸ್ಟ್ ಮಾಂಬಲಂನಿಂದ ಬಂದಿದ್ದ ಹುಡುಗನಿಗೆ ಪಂಚಾಂಗ ನೋಡದೆಯೇ ಗೊತ್ತಿತ್ತು. ಅವನ ಅಜ್ಜಿ ಹುಟ್ಟಿದ್ದು ಅದೇ ಶ್ರಾವಣದಲ್ಲಿ. ಹತ್ತು ವರ್ಷ ತಿದ್ದಿದ ಮೇಲೆ ಆ ಒಂದು ಪಾಲಿಸಿಯ ಮೀಸಲು ಬೇರೆ ಅಂಕಿಗೆ ಬಂದು ನಿಂತಿತು.